ಗೃಹಕಲೆ: ಮನೆಯಲ್ಲಿಯೇ ಮಾಡುವ ಆಟದ ಎಲೆಗಳು

ರಾಯಬಾಗದ ಸೋದರಿಯೊಬ್ಬರು ನಮಗೆ ಬರೆದ ಪತ್ರದಲ್ಲಿ ಎರಡು ಪ್ರಶ್ನೆಗಳಿರುವವು. ಬೇಸಗೆಯ ರಜೆಯಲ್ಲಿ ಮಕ್ಕಳು ಇಸ್ಪೀಟಿನ ಕಟ್ಟು ಬೇಕೆಂದು ಹಟ ಹಿಡಿದಿರುವರು. ಅತ್ತೆಯವರಾದರೋ ಪತ್ತೆಗಳು ನಮ್ಮ ಮನೆಯ ಹೊಸ್ತಿಲು ದಾಟಕೂಡದೆಂದು ಕಟ್ಟಪ್ಪಣೆ ಮಾಡಿರುವರು. ಎಲೆಯ ಆಟವೆಲ್ಲವೂ ಜೂಜೆಯೋ ಎಂಬುದು ಮೊದಲನೆಯ ಪ್ರಶ್ನೆ. ಅಂಗಡಿಯ ಕಟ್ಟನ್ನು ತರದೆ ಮನೆಯಲ್ಲಿಯೇ ಎಲೆಗಳನ್ನು ಮಾಡಿಕೊಳ್ಳಲು ಬರುವದೋ ಎಂಬುದು ಎರಡನೆಯದು. ಇವೆರಡಕ್ಕೂ ಬೇರೆ ಬೇರೆ ಉತ್ತರ ಕೊಡುವದಕ್ಕಿಂತ ಒಟ್ಟಿಗೆ ಕೊಡುವದೇ ಲೇಸು. ಏಕೆಂದರೆ ಎಲೆ ಮಾಡುವ ಕೆಲಸಕ್ಕೆ ಕೈ ಹಾಕಿದವರಿಗೆ ಜೂಜಿನ ದೋಷವು ಯಾವ ಬಾಗಿಲಿನಿಂದ ಒಳಗೆ ಬರುವದೆಂಬುದು ತಾನಾಗಿಯೇ ಗೊತ್ತಾಗುವದು.

ಅತ್ತೆಯವರ ಮಾತನ್ನು ಹಳೆಯ ಕಾಲದವರ ಹಟವೆಂದು ತಳ್ಳಿಹಾಕುವದು ಸರಿಯಲ್ಲ. ಋಗ್ವೇದದ ಹತ್ತನೆಯ ಮಂಡಲದ ೩೪ನೆಯ ಸೂಕ್ತವೆಲ್ಲ ಜೂಜುಗಾರನ ಗೋಳಿಗೇ ಮೀಸಲಾಗಿರುವದು. ಹೆಂಡತಿಯು ಅವನನ್ನು ದೂರ ಮಾಡುವಳು, ಸಾಲಕ್ಕೆ ಅಂಜಿ ಅವನು ರಾತ್ರಿ ಅನ್ಯರ ಮನೆಯನ್ನು ಸೇರುವನು. ಅಲ್ಲಿಯೂ ಅತ್ತೆಯು ಅವನನ್ನು ದ್ವೇಷಿಸುವಳೆಂಬ ಮಾತು ಬಂದಿರುವದನ್ನು ನಮ್ಮ ಸೋದರಿಯು ಲಕ್ಷ್ಯದಲ್ಲಿಡಲಿ. ಆದರೆ ಅವಳು ಜೂಜುಗಾರನ ಹೆಂಡತಿಯ ತಾಯಿ. ನಳ, ಧರ್ಮರಾಜರ ಕಥೆಗಳನ್ನಂತೂ ಹೇಳಬೇಕಾದದ್ದಿಲ್ಲ. ಈಚೆಗೆ ಜೂಜುಗಾರನಿಗೆ ಮನೆ ಬಿಟ್ಟು ಹೋಗುವ ಶ್ರಮವೂ ಉಳಿದಿಲ್ಲ. ಕಿಸೆಯೊಳಗಿನ ಮೊಬೈಲಿನಲ್ಲಿಯೇ ರಮ್ಮಿ ಆಡಿ ಹೊಲಮನೆಗಳ ಮೇಲೆ ಸಾಲ ಮಾಡಿದ ತರುಣರ ಸುದ್ದಿಯನ್ನು ನಾವು ಓದಿರುವೆವು. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವದಕ್ಕಾಗಿ ೨೦೨೫ನೆಯ ಆಗಸ್ಟ್ ತಿಂಗಳಲ್ಲಿ ಪಾರ್ಲಿಮೆಂಟು ಪ್ರತ್ಯೇಕ ಕಾಯಿದೆಯನ್ನೇ ಮಾಡಬೇಕಾಯಿತು. ಇಂಥ ಕಾಲದಲ್ಲಿ ಹಿರಿಯರು ಅಂಜಿದರೆ ತಪ್ಪೇನು?

ಆದರೂ ಧರ್ಮಶಾಸ್ತ್ರಕಾರರು ಆಟವನ್ನೂ ಜೂಜನ್ನೂ ಒಂದೇ ತಕ್ಕಡಿಯಲ್ಲಿ ತೂಗಿಲ್ಲ. ದ್ಯೂತದ ಲಕ್ಷಣ ಹೇಳುವಾಗ ನಾರದಸ್ಮೃತಿಯು ಎರಡು ಗುರುತುಗಳನ್ನು ಎಣಿಸುವದು. ಒಂದು ಪಣ, ಇನ್ನೊಂದು ಜಿಹ್ಮ. ಪಣವೆಂದರೆ ಒಡ್ಡಿದ ಹಣ. ಜಿಹ್ಮವೆಂದರೆ ವಕ್ರತೆ, ಕಪಟ. ಪಣವನ್ನು ಬಿಡುವದು ಮನೆಯವರ ನಿಶ್ಚಯದ ಮಾತು. ಹಣವನ್ನಷ್ಟೇ ಅಲ್ಲ, ಹಣದ ಬದಲಿಗೆಂದು ಕವಡೆ ಹುಣಿಸೆ ಬೀಜಗಳನ್ನು ಇಡುವದನ್ನೂ ಬಿಡಬೇಕೆಂದು ನಮ್ಮ ಅಭಿಪ್ರಾಯ. ಬೀಜದ ರಾಶಿಯನ್ನು ಕಂಡು ಹಿಗ್ಗುವ ಅಭ್ಯಾಸವಾದರೆ ಬೀಜದ ಸ್ಥಾನಕ್ಕೆ ರೂಪಾಯಿ ಬರಲು ತಡವಾಗದು. ಜಿಹ್ಮವನ್ನು ಬಿಡುವದು ಮಾತ್ರ ನಿಶ್ಚಯದಿಂದಲೇ ಆಗುವ ಕೆಲಸವಲ್ಲ. ಅದು ಎಲೆಯನ್ನು ಮಾಡಿದ ರೀತಿಯಲ್ಲಿಯೇ ಅಡಗಿರುವದು.

ಎಲೆಯ ಮುಖವು ಆಡುವವನಿಗೆ, ಬೆನ್ನು ಎದುರಿನವರಿಗೆ. ಒಂದು ಎಲೆಯ ಅಂಚು ತುಸು ಮುರಿದಿದ್ದರೆ, ಇನ್ನೊಂದರ ಬೆನ್ನಿಗೆ ಅರಿಷಿಣದ ಬೆರಳು ತಾಗಿದ್ದರೆ, ಎರಡು ಸಂಜೆ ಆಡುವಷ್ಟರಲ್ಲಿ ಮನೆಯ ಚುರುಕಾದ ಹುಡುಗನು ಅದು ನರಸಿಂಹನ ರಾಜನೆಂದು ಬೆನ್ನಿನಿಂದಲೇ ಗುರುತಿಸುವನು. ಅವನು ಸುಳ್ಳು ಹೇಳಿಲ್ಲ, ಕದ್ದೂ ಇಲ್ಲ. ಆದರೂ ಆಟ ಕೆಟ್ಟಿತು. ಮನೆಯಲ್ಲಿ ಎಲೆ ಮಾಡಲು ಹೊರಟವರು ಸಾಮಾನ್ಯವಾಗಿ ತಮ್ಮ ಕೌಶಲವನ್ನೆಲ್ಲ ಮುಖದ ಚಿತ್ರಕ್ಕೆ ಸುರಿದು ಬೆನ್ನನ್ನು ಮರೆಯುವರು. ಚಿತ್ರ ಕೆಟ್ಟರೆ ನಗಬಹುದು. ಬೆನ್ನು ಕೆಟ್ಟರೆ ಆಟವೇ ಇಲ್ಲ. ಮೊಬೈಲಿನ ರಮ್ಮಿಯಲ್ಲಂತೂ ಎಲೆಯ ಬೆನ್ನು ನಮ್ಮ ಮುಂದೆ ಇರುವದೇ ಇಲ್ಲ. ಹಂಚುವವರು ಯಾರೋ, ಎದುರಿಗೆ ಕುಳಿತದ್ದು ಮನುಷ್ಯನೋ ಯಂತ್ರವೋ ತಿಳಿಯದು. ತಾನೇ ಅಂಟು ಹಚ್ಚಿ ತಾನೇ ಕತ್ತರಿಸಿದ ಎಲೆಯನ್ನು ಹಿಡಿದ ಮಗುವಿಗೆ ಈ ಭೇದವನ್ನು ಬೇರೆಯಾಗಿ ಬೋಧಿಸಬೇಕಾಗುವದಿಲ್ಲ.

ಇನ್ನು ಯಾವ ಎಲೆಗಳನ್ನು ಮಾಡಬೇಕೆಂಬ ವಿಚಾರ. ಬದಾಮ, ಚೌಕಟ, ಕಿಲ್ವರ, ಇಸ್ಪೀಕ ಎಂದು ನಮ್ಮ ಗಡಿಯ ಊರುಗಳಲ್ಲಿ ಕರೆಯುವ ೫೨ ಎಲೆಗಳ ಕಟ್ಟು ವಿಲಾಯತಿಯದು; ಅದು ಎಲ್ಲೆಡೆಯೂ ಅಗ್ಗವಾಗಿ ದೊರೆಯುವಾಗ ಮನೆಯಲ್ಲಿ ಶ್ರಮಪಟ್ಟು ಅದರ ನಕಲು ಮಾಡುವದರಲ್ಲಿ ಸ್ವಾರಸ್ಯವಿಲ್ಲ. ಮಾಡುವದಾದರೆ ದಶಾವತಾರದ ಗಂಜೀಫಾ ಮಾಡಬೇಕು. ಇದರ ಎಲೆಗಳು ದುಂಡಗೆ, ಸಂಖ್ಯೆ ೧೨೦. ಮತ್ಸ್ಯದಿಂದ ಕಲ್ಕಿಯವರೆಗೆ ಹತ್ತು ವರ್ಗಗಳು. ಪ್ರತಿಯೊಂದರಲ್ಲಿ ಒಬ್ಬ ರಾಜ, ಒಬ್ಬ ಪ್ರಧಾನ, ಒಂದರಿಂದ ಹತ್ತರವರೆಗಿನ ಎಣಿಕೆಯ ಎಲೆಗಳು.

ಗಂಜೀಫಾ ಎಂಬ ಹೆಸರು ಪಾರಸಿಯ ಕಡೆಯಿಂದ ಬಂದದ್ದು. ಬಾಬರನು ೧೫೨೭ರಲ್ಲಿ ಸಿಂಧದ ಶಾಹ ಹಸನನಿಗೆ ಗಂಜೀಫಾ ಎಲೆಗಳನ್ನು ಕಳಿಸಿದ್ದನ್ನು ತನ್ನ ಆತ್ಮಕಥೆಯಲ್ಲಿ ಬರೆದಿಟ್ಟಿರುವನು. ಅಕಬರನ ಕಾಲದ ಆಟವನ್ನು ವರ್ಣಿಸುವ ಅಬುಲ್ ಫಜಲನು ಅದಕ್ಕೂ ಹಿಂದಿನ ಹನ್ನೆರಡು ವರ್ಗಗಳ ೧೪೪ ಎಲೆಗಳ ಕಟ್ಟೊಂದನ್ನು ಹೇಳುವನು. ಅದರ ರಾಜರ ಹೆಸರುಗಳು ಅಶ್ವಪತಿ, ಗಜಪತಿ, ನರಪತಿ ಎಂಬಂಥ ಶುದ್ಧ ಸಂಸ್ಕೃತ ಶಬ್ದಗಳು. ಮೊಗಲರ ಕಟ್ಟು ಎಂಟು ವರ್ಗಗಳ ೯೬ ಎಲೆಗಳದು, ಅದರಲ್ಲಿ ಕಿರೀಟ, ಖಡ್ಗ, ಚಿನ್ನದ ನಾಣ್ಯ, ಬೆಳ್ಳಿಯ ನಾಣ್ಯ ಮೊದಲಾದ ಚಿಹ್ನೆಗಳಿದ್ದವು. ನಮ್ಮವರು ಆ ಎಂಟರ ಸ್ಥಾನದಲ್ಲಿ ಹತ್ತು ಅವತಾರಗಳನ್ನು ಕೂಡಿಸಿದರು. ಗಿರಿಧರನೆಂಬ ಕವಿಯು ‘ಗಂಜೀಫಾಖೇಲನ’ವೆಂದು ಸಂಸ್ಕೃತದಲ್ಲಿಯೇ ಒಂದು ಕೃತಿಯನ್ನು ಮಾಡಿರುವನು. ಪಂಡಿತರು ಆಡಬಾರದ ಆಟವಾಗಿದ್ದರೆ ಶ್ಲೋಕಗಳು ಹುಟ್ಟುತ್ತಿದ್ದಿಲ್ಲ.

ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) ಈ ವಿದ್ಯೆಯನ್ನು ಎಷ್ಟು ಬೆಳೆಸಿದರೆಂದರೆ, ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯಲ್ಲಿ ಹಲವು ಬಗೆಯ ಎಲೆಯಾಟಗಳು ವರ್ಣಿತವಾಗಿರುವವು. ಚಾಮುಂಡೇಶ್ವರೀ ಛದವೆಂಬ ಒಂದರಲ್ಲಿಯೇ ೩೨೦ ಎಲೆಗಳು! ಅಷ್ಟನ್ನು ಹಿಡಿದು ಆಡಲು ಅರಸರ ವಿರಾಮವೂ ಅರಸರ ಜ್ಞಾಪಕಶಕ್ತಿಯೂ ಬೇಕು. ಗೃಹಸ್ಥರಿಗೆ ಅದು ಒದಗದು. ಆದರೆ ಛದವೆಂಬ ಹೆಸರು ಮನೋಹರವಾದದ್ದು. ಅಮರಕೋಶದಲ್ಲಿ ಅದು ಮರದ ಎಲೆಯ ಪರ್ಯಾಯಗಳಲ್ಲಿ ಸೇರಿರುವದು. ನಾವು ಎಲೆ ಎನ್ನುವೆವು, ಮರಾಠಿಗರು ಪತ್ರದಿಂದ ಪತ್ತೆ ಮಾಡಿಕೊಂಡರು, ಮೈಸೂರಿನವರು ಛದವೆಂದರು. ಮೂರೂ ಒಂದೇ ಗಿಡದ ಎಲೆಗಳು. ನಮ್ಮ ಕಾಲದಲ್ಲಿ ಮೈಸೂರಿನ ಶೈಲಿಯನ್ನು ಮತ್ತೆ ಎತ್ತಿ ನಿಲ್ಲಿಸಿದ ಕೀರ್ತಿ ಚಿತ್ರಕಾರ ರಘುಪತಿ ಭಟ್ಟರದು.

ನಮ್ಮ ಭಾಗದವರಿಗಾದರೋ ಮೈಸೂರಿಗಿಂತ ಸಾವಂತವಾಡಿಯು ಹತ್ತಿರ. ನಿಪ್ಪಾಣಿಯಿಂದಾಗಲಿ ಚಿಕ್ಕೋಡಿಯಿಂದಾಗಲಿ ಸಂಕೇಶ್ವರಕ್ಕೆ ಬಂದು, ಗಡಹಿಂಗ್ಲಜ, ಆಜರಾಗಳ ಮೇಲೆ ಹಾಯ್ದು ಆಂಬೋಲಿಯ ಘಟ್ಟವನ್ನಿಳಿದರೆ ಸಾವಂತವಾಡಿಯ ಅರಮನೆಯನ್ನು ಮುಟ್ಟಬಹುದು. ಅಲ್ಲಿಯ ಸಂಸ್ಥಾನಿಕರ ಆಸ್ಥಾನಕ್ಕೆ ಶಾಸ್ತ್ರಚರ್ಚೆಗಾಗಿ ಬಂದ ತೆಲಂಗಾಣದ ಪಂಡಿತರೊಡನೆ ಗಂಜೀಫಾ ಬಂದಿತೆಂದು ಹೇಳುವರು. ಚಿತಾರಿ ಮನೆತನದವರು ಎಲೆಗಳನ್ನು ಬರೆಯುತ್ತಿದ್ದರು. ಮುದ್ರಣದ ಅಗ್ಗದ ಕಟ್ಟುಗಳು ಬಂದ ಮೇಲೆ ಕೇಳುವವರಿಲ್ಲದೆ ಆ ವಿದ್ಯೆಯು ನಂದುತ್ತ ಬಂದು, ವೃದ್ಧರಾದ ಪುಂಡಲೀಕ ಚಿತಾರಿಯವರ ಕೈಯಲ್ಲಿ ಉಳಿದಿತ್ತು. ಶಿವರಾಮರಾಜೆ ಭೋಸಲೆಯವರೂ ರಾಣಿ ಸತ್ವಶೀಲಾದೇವಿಯವರೂ ಆ ಮುದುಕರಿಂದ ಕೆಲಸವನ್ನು ತಿಳಿದುಕೊಂಡು, ೧೯೭೧ರ ಸುಮಾರಿಗೆ ಅರಮನೆಯಲ್ಲಿಯೇ ತರುಣರನ್ನು ಕೂಡಿಸಿ ಎಲೆ ಬರೆಸತೊಡಗಿದರು. ರಾಣಿಯವರು ದೂರ ನಿಂತು ಆಜ್ಞೆ ಮಾಡಲಿಲ್ಲ, ತಾವೇ ಕುಂಚ ಹಿಡಿದು ಕಲಿತರು. ಆ ಕಾಲಕ್ಕೆ ಅಷ್ಟು ಮಾಡದಿದ್ದರೆ ಇಂದು ನಮಗೆ ಗಂಜೀಫಾ ನೋಡಲು ವಸ್ತುಸಂಗ್ರಹಾಲಯವೇ ಗತಿಯಾಗುತ್ತಿತ್ತು. ಸಾವಂತವಾಡಿಯ ಎಲೆಗಳಿಗೆ ೨೦೨೪ರಲ್ಲಿ ಭೌಗೋಳಿಕ ಸೂಚಕವೆಂಬ ಸರಕಾರಿ ಗುರುತು ದೊರೆಯಿತು. ಮೈಸೂರಿನವುಗಳಿಗೆ ಅದಕ್ಕೂ ಮುಂಚೆಯೇ ದೊರೆತಿತ್ತು. ಕೈಯಲ್ಲಿ ಹಣವಿದ್ದವರು ಅಲ್ಲಿಯ ಕಟ್ಟನ್ನೇ ಕೊಂಡು ಕಲಾವಿದರ ಹೊಟ್ಟೆಗೆ ನೆರವಾಗಲಿ. ಮನೆಯಲ್ಲಿ ಮಾಡುವದು ಆ ಕಲೆಗೆ ಸ್ಪರ್ಧೆಯಲ್ಲ. ಒಮ್ಮೆ ತಾನು ಮಾಡಿ ನೋಡಿದವನಿಗೇ ಅವರು ಕೇಳುವ ಬೆಲೆ ನ್ಯಾಯವೆಂದು ತೋರುವದು.

ಈಗ ಕೆಲಸಕ್ಕೆ ಕೂಡೋಣ.

ಎಲೆಯ ಹೊಟ್ಟೆ ಮೊದಲು. ಮನೆಮನೆಯಲ್ಲಿಯೂ ಲಗ್ನಪತ್ರಿಕೆಗಳ ರಾಶಿ ಬಿದ್ದಿರುವದರಿಂದ ಅವನ್ನೇ ಕತ್ತರಿಸಿ ಎಲೆ ಮಾಡುವ ಬುದ್ಧಿ ಎಲ್ಲರಿಗೂ ಹೊಳೆಯುವದು. ಅದು ಬೇಡ. ಒಂದೊಂದು ಪತ್ರಿಕೆಯ ದಪ್ಪ ಒಂದೊಂದು ಬಗೆ. ಕಣ್ಣು ಮುಚ್ಚಿ ಮುಟ್ಟಿದರೂ ಯಾವ ಎಲೆ ಯಾವ ಮದುವೆಯದೆಂದು ಬೆರಳು ಹೇಳುವದು. ಬಣ್ಣದ ಪೇಟೆಯಲ್ಲಿ ದೊರೆಯುವ ೨೨ ಇಂಚು ಅಗಲ ೨೮ ಇಂಚು ಉದ್ದದ ಚಿತ್ರಕಲೆಯ ತೆಳು ಹಾಳೆಗಳನ್ನು ಒಂದೇ ಕಟ್ಟಿನಿಂದ ಆರು ತರಬೇಕು. ಮೂರು ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿದರೆ ಒಂದು ರಟ್ಟಿನ ಹಾಳೆಯಾಗುವದು, ಹೀಗೆ ಎರಡು. ಎರಡೂವರೆ ಇಂಚಿನ ಚೌಕಗಳಾಗಿ ಗೆರೆ ಹೊಡೆದರೆ ಒಂದು ಹಾಳೆಯಲ್ಲಿ ೮೮ ಎಲೆಗಳು ಬರುವವು, ಎರಡರಲ್ಲಿ ೧೭೬. ನಮಗೆ ಬೇಕಾದದ್ದು ೧೨೦ ಮಾತ್ರ. ಮಿಕ್ಕದ್ದು ವ್ಯರ್ಥವಲ್ಲ, ಅದರ ಪ್ರಯೋಜನವನ್ನು ಮುಂದೆ ಹೇಳುವೆನು. ನಲವತ್ತು ಎಲೆಗಳನ್ನು ಒಟ್ಟಿದರೆ ಹೆಬ್ಬೆರಳ ಅಗಲವನ್ನು ಮೀರದಷ್ಟು ತೆಳುವಾದ ಹಾಳೆಯನ್ನೇ ಆರಿಸಬೇಕು. ಏಕೆಂದರೆ ಮೂವರ ಆಟದಲ್ಲಿ ಒಬ್ಬೊಬ್ಬನ ಕೈಗೆ ನಲವತ್ತು ಎಲೆಗಳು ಬರುವವು.

ಅಂಟಿಗೆ ಹುಣಿಸೆ ಬೀಜಕ್ಕೆ ಸಮನಾದದ್ದಿಲ್ಲ. ಗೋದಿಯ ಹಿಟ್ಟಿನ ಅಂಟಿಗೆ ಜೊಂಡಿಗ, ಗೆದ್ದಲುಗಳು ಓಡಿಬರುವವು. ನಮ್ಮ ಕುರುಬರು ಕಂಬಳಿಗೆ ಬಿಗುವು ಬರಿಸುವದು ಇದೇ ಹುಣಿಸೆ ಬೀಜದ ಗಂಜಿಯಿಂದ, ಸಾವಂತವಾಡಿಯ ಚಿತಾರಿಗಳು ಎಲೆಗೆ ಹಚ್ಚುವದೂ ಅದನ್ನೇ. ಬೀಜಗಳನ್ನು ಹುರಿದು ಕುಟ್ಟಿ ಮೇಲಿನ ಕೆಂಪು ಸಿಪ್ಪೆಯನ್ನು ಕೇರಿ ತೆಗೆಯಬೇಕು. ಬಿಳಿಯ ಬೇಳೆಯನ್ನು ರಾತ್ರಿ ನೆನೆಯಿಟ್ಟು ಬೆಳಿಗ್ಗೆ ನುಣ್ಣಗೆ ಅರೆದು, ಒಂದು ಬಟ್ಟಲಿಗೆ ಹತ್ತು ಹನ್ನೆರಡು ಬಟ್ಟಲು ನೀರಿನಂತೆ ಕೂಡಿಸಿ, ಸಣ್ಣ ಉರಿಯ ಮೇಲೆ ಕೈಯಾಡಿಸುತ್ತ ಕುದಿಸಬೇಕು. ಅಂಬಲಿಯ ಹದಕ್ಕೆ ಬಂದೊಡನೆ ಇಳಿಸಿ ತೆಳು ಬಟ್ಟೆಯಲ್ಲಿ ಸೋಸಬೇಕು. ಒಂದು ಚಿಟಿಕೆ ಪಟಿಕ ಹಾಕಿದರೆ ಬೇಗ ಹುಳಿಯಾಗುವದಿಲ್ಲ. ಪುಸ್ತಕ ಕಟ್ಟುವವರು ಅಂಟಿಗೆ ಮೈಲುತುತ್ತ ಹಾಕುವದುಂಟು. ಅದು ವಿಷ, ಮಕ್ಕಳು ಬಾಯಿಗೆ ಬೆರಳಿಡುವ ಮನೆಯಲ್ಲಿ ಅದನ್ನು ತರಲೇಬಾರದು.

ಇಲ್ಲಿ ಒಂದು ಗುಟ್ಟಿರುವದು. ದೀಪದ ಮುಂದೆ ಹಿಡಿದಾಗ ಬಿಳಿಯ ಹಾಳೆಯ ಎಲೆಯು ಮುಖದ ಚಿತ್ರವನ್ನು ಬೆನ್ನಿಗೆ ಬಿಟ್ಟುಕೊಡುವದು. ಈಗಿನ ಕಾರಖಾನೆಯ ಒಳ್ಳೆಯ ಎಲೆಗಳಲ್ಲಿ ಎರಡು ಕಾಗದಗಳ ನಡುವೆ ಕಪ್ಪು ಅಂಟಿನ ಪದರವಿರುವದು ಇದಕ್ಕಾಗಿಯೇ. ನಾವೂ ಅಂಟಿನ ಅರ್ಧ ಭಾಗವನ್ನು ಬೇರೆ ತೆಗೆದು ಅದರಲ್ಲಿ ದೀಪದ ಮಸಿಯನ್ನು ಕದಡಿ, ನಡುವಿನ ಹಾಳೆಯ ಎರಡೂ ಮಗ್ಗುಲಿಗೆ ಅದನ್ನೇ ಹಚ್ಚಬೇಕು. ಆಮೇಲೆ ಹಾಳೆಗಳನ್ನು ನಡುವಿನಿಂದ ಅಂಚಿನ ಕಡೆಗೆ ಒತ್ತಿ ಗಾಳಿಯನ್ನು ಹೊರಡಿಸಿ, ಎರಡು ಹಲಗೆಗಳ ನಡುವೆ ಇಟ್ಟು, ಮೇಲೆ ಬೀಸುವ ಕಲ್ಲು ಹೇರಿ, ನೆರಳಲ್ಲಿ ಎರಡು ದಿನ ಬಿಡಬೇಕು. ಬಿಸಿಲಿಗೆ ಒಣಗಿಸಿದರೆ ಹಪ್ಪಳದಂತೆ ಸೊಟ್ಟಗಾಗುವದು. ಎರಡೂ ಹಾಳೆಗಳನ್ನು ಒಂದೇ ದಿನ, ಒಂದೇ ಪಾತ್ರೆಯ ಅಂಟಿನಿಂದ, ಒಬ್ಬರೇ ಮಾಡಬೇಕು. ಕೈ ಬದಲಾದರೆ ದಪ್ಪ ಬದಲಾಗುವದು.

ಬೆನ್ನಿನ ಬಣ್ಣವನ್ನು ಕತ್ತರಿಸುವ ಮೊದಲೇ ಹಚ್ಚಬೇಕು. ಕತ್ತರಿಸಿದ ಮೇಲೆ ಒಂದೊಂದಾಗಿ ಹಚ್ಚಿದರೆ ನೂರಿಪ್ಪತ್ತು ಎಲೆಗಳಿಗೆ ನೂರಿಪ್ಪತ್ತು ಬಗೆಯ ಬೆನ್ನುಗಳಾಗುವವು. ಕಾವಿಮಣ್ಣನ್ನು ನೀರಲ್ಲಿ ಕದಡಿ, ಹರಳು ತಳಕ್ಕೆ ಕೂತ ಮೇಲೆ ಮೇಲಿನ ತಿಳಿಗೆಂಪನ್ನು ಬಸಿದು ಅಂಟಿನಲ್ಲಿ ಕೂಡಿಸಿ, ಅಗಲವಾದ ಕುಂಚದಿಂದ ಒಮ್ಮೆ ಉದ್ದಕ್ಕೆ, ಒಣಗಿದ ಬಳಿಕ ಒಮ್ಮೆ ಅಡ್ಡಕ್ಕೆ ಎಳೆಯಬೇಕು. ಬೆನ್ನ ಮೇಲೆ ಹೂಬಳ್ಳಿಯ ಅಚ್ಚು ಒತ್ತಿದರೆ ಚೆಂದವಲ್ಲವೇ ಎಂದು ಕೇಳುವವರಿಗೆ ನಮ್ಮ ಉತ್ತರ, ಚೆಂದವೇ ಸರಿ, ಆದರೆ ಬೇಡ. ಕೈಯಿಂದ ಒತ್ತಿದ ಅಚ್ಚು ಒಂದರಲ್ಲಿ ನಡುವೆ, ಇನ್ನೊಂದರಲ್ಲಿ ಓರೆಗೆ ಬೀಳುವದು, ಓರೆಯೇ ಗುರುತಾಗುವದು. ಯಂತ್ರದಲ್ಲಿ ಅಚ್ಚು ಹಾಕುವವರು ಮಾಸಿದ ಕಲೆ ಕಾಣದಿರಲೆಂದು ಬೆನ್ನಿಗೆ ಜಾಲದಂಥ ಚಿತ್ರ ಹಾಕುವರು, ಅವರಿಗೆ ಅದು ಸಲ್ಲುವದು. ಗಂಜೀಫಾದ ಬೆನ್ನು ಸಾಮಾನ್ಯವಾಗಿ ಒಂದೇ ಬಣ್ಣದ್ದಾಗಿ ಬಂದಿರುವದು. ಹಳಬರು ಅನುಭವದಿಂದಲೇ ಹಾಗೆ ಮಾಡಿರಬೇಕು.

ಹಾಳೆಯ ಮುಖಕ್ಕೆ ಸೀಮೆಸುಣ್ಣದ ನುಣುಪು ಪುಡಿಯನ್ನು ಅಂಟಿನಲ್ಲಿ ಕಲಸಿ ತೆಳುವಾಗಿ ಹಚ್ಚಿ, ಒಣಗಿದ ಮೇಲೆ ಎರಡೂ ಮಗ್ಗುಲನ್ನು ಉಜ್ಜಿ ನುಣುಪು ಮಾಡಬೇಕು. ಅದಕ್ಕೆ ದೊಡ್ಡ ಕವಡೆಯಾದರೂ ಸರಿ, ಕೃಷ್ಣೆಯ ಅಥವಾ ದೂಧಗಂಗೆಯ ದಂಡೆಯಲ್ಲಿ ಸಿಗುವ ನುಣುಪಾದ ಕಲ್ಲಾದರೂ ಸರಿ. ಈ ಕೆಲಸ ಬೇಸರದ್ದು, ಮಾತಾಡುತ್ತ ಮಾಡಬೇಕು.

ಕತ್ತರಿಸಲು ಎರಡೂಕಾಲು ಇಂಚು ಅಡ್ಡಳತೆಯ ಡಬ್ಬಿಯ ಮುಚ್ಚಳವೊಂದನ್ನು ಗೊತ್ತು ಮಾಡಿಕೊಂಡು, ಅದನ್ನಿಟ್ಟು ಸೀಸದ ಕಡ್ಡಿಯಿಂದ ಮುಖದ ಮಗ್ಗುಲಿಗೆ ವೃತ್ತ ಎಳೆದು, ಹರಿತವಾದ ಕತ್ತರಿಯಿಂದ ಹಿರಿಯರೇ ಕತ್ತರಿಸಬೇಕು. ದುಂಡಗಿನ ಎಲೆಯಲ್ಲಿ ಒಂದು ದೊಡ್ಡ ಗುಣವಿರುವದು: ಮೂಲೆಯಿಲ್ಲ. ಚೌಕದ ಎಲೆಯು ಮೊದಲು ಕೆಡುವದೇ ಮೂಲೆಯಲ್ಲಿ. ಎಲ್ಲವನ್ನೂ ಒಟ್ಟಿ ಮರಳುಕಾಗದದಿಂದ ಸುತ್ತಲೂ ಒಮ್ಮೆಗೇ ತೀಡಿದರೆ ಅಂಚುಗಳು ಸಮನಾಗುವವು.

ಇನ್ನು ಮುದ್ರಣ. ನೂರಿಪ್ಪತ್ತು ಚಿತ್ರಗಳನ್ನು ಬರೆಯುವದು ಹೇಗೆಂದು ಎದೆಗುಂದಬಾರದು. ಎಣಿಕೆಯ ಎಲೆಗಳು ನೂರು. ಅವಕ್ಕೆ ಬೇಕಾದ ಅಚ್ಚುಗಳು ಹತ್ತೇ. ವರ್ಗಕ್ಕೊಂದು ಚಿಹ್ನೆ: ಮತ್ಸ್ಯಕ್ಕೆ ಮೀನು, ಕೂರ್ಮಕ್ಕೆ ಆಮೆ, ವರಾಹಕ್ಕೆ ಶಂಖ, ನರಸಿಂಹನಿಗೆ ಚಕ್ರ, ವಾಮನನಿಗೆ ಕಮಂಡಲು, ಪರಶುರಾಮನಿಗೆ ಕೊಡಲಿ, ರಾಮನಿಗೆ ಬಾಣ, ಕೃಷ್ಣನಿಗೆ ಆಕಳು, ಬುದ್ಧನಿಗೆ ಕಮಲ, ಕಲ್ಕಿಗೆ ಖಡ್ಗ. ಊರಿಂದೂರಿಗೆ ಚಿಹ್ನೆಗಳು ಬದಲಾಗುವವು. ಮನೆಯ ಅಜ್ಜಿಯು ಕೃಷ್ಣನಿಗೆ ಕೊಳಲೇ ಇರಲೆಂದರೆ ಕೊಳಲೇ ಇರಲಿ. ಒಂದರಿಂದ ಹತ್ತರವರೆಗೆ ಕೂಡಿಸಿದರೆ ೫೫. ಒಂದು ವರ್ಗಕ್ಕೆ ಅಷ್ಟು ಸಲ ಅಚ್ಚು ಒತ್ತಬೇಕು, ಹತ್ತು ವರ್ಗಕ್ಕೆ ೫೫೦. ವಿಲಾಯತಿ ಕಟ್ಟಿಗಾಗಿದ್ದರೆ ನಾಲ್ಕೈವತ್ತೈದಲೆ ೨೨೦ಕ್ಕೆ ಮುಗಿಯುತ್ತಿತ್ತು. ಆದರೆ ಐದುನೂರೈವತ್ತೆಂಬುದು ನಾಲ್ಕು ಮಕ್ಕಳಿದ್ದ ಮನೆಯಲ್ಲಿ ಎರಡು ಮಧ್ಯಾಹ್ನಗಳ ಕೆಲಸ, ಮೇಲಾಗಿ ಎಣಿಕೆಯ ಪಾಠ.

ಅಚ್ಚಿಗೆ ಬಟಾಟೆಯನ್ನು ಎರಡು ಹೋಳು ಮಾಡಿ ಕೆತ್ತುವದು ಶಾಲೆಯ ಮಕ್ಕಳೆಲ್ಲ ಬಲ್ಲ ಉಪಾಯ. ಅದರಲ್ಲಿ ನೀರು ಒಸರುವದು, ಮರುದಿನ ಸೊರಗುವದು. ಒಂದೇ ದಿನದಲ್ಲಿ ಒಂದು ವರ್ಗವನ್ನು ಮುಗಿಸುವದಾದರೆ ಸಾಕು. ಇಲ್ಲವಾದರೆ ಬರಹವನ್ನು ಅಳಿಸುವ ದೊಡ್ಡ ರಬ್ಬರಿನ ತುಂಡನ್ನು ಸಣ್ಣ ಚಾಕುವಿನಿಂದ ಕೆತ್ತಿದರೆ ವರುಷಗಟ್ಟಲೆ ಬರುವದು. ಅಚ್ಚಿನಲ್ಲಿ ಎಡಕ್ಕೆ ನೋಡುವ ಮೀನು ಎಲೆಯಲ್ಲಿ ಬಲಕ್ಕೆ ನೋಡುವದೆಂಬುದನ್ನು ಮಕ್ಕಳು ತಾವೇ ಕಂಡುಕೊಳ್ಳಲಿ, ಮೊದಲೇ ಹೇಳಬಾರದು. ಬಣ್ಣವನ್ನು ಅಂಟಿನೊಡನೆ ಗಟ್ಟಿಯಾಗಿ ಕಲಸಿ, ನಾಲ್ಕು ಮಡಿಕೆಯ ಒದ್ದೆ ಬಟ್ಟೆಗೆ ಸವರಿ, ಅಚ್ಚನ್ನು ಅದರ ಮೇಲೆ ಒತ್ತಿ ಎಲೆಗೆ ಒತ್ತಬೇಕು. ಬಟ್ಟೆಗೆ ಬಣ್ಣ ಹಾಕುವ ರಂಗಾರಿಗಳ ಕ್ರಮವೂ ಇದೇ. ಚಿಹ್ನೆಗಳ ಸ್ಥಾನ ತಪ್ಪದಂತೆ, ರಂಗೋಲಿಯ ತಗಡಿನ ಹಾಗೆ ತೂತುಗಳಿರುವ ರಟ್ಟಿನ ಬಿಲ್ಲೆಯೊಂದನ್ನು ಮಾಡಿಕೊಂಡರೆ ಅನುಕೂಲ.

ಹತ್ತು ವರ್ಗಗಳಿಗೆ ಹತ್ತು ನೆಲಬಣ್ಣಗಳನ್ನು ಕೊಡುವದು ಸಂಪ್ರದಾಯ. ಇಲ್ಲವಾದರೆ ನಲವತ್ತು ಎಲೆಗಳಲ್ಲಿ ಆಮೆಯನ್ನೂ ಕಮಲವನ್ನೂ ಬೇಗ ಬೇರ್ಪಡಿಸಲಾಗದು. ಆದರೆ ಬಣ್ಣವನ್ನು ಅಂಚಿನವರೆಗೂ ಹಚ್ಚಿದರೆ ಒಟ್ಟಿದ ಕಟ್ಟನ್ನು ಮಗ್ಗುಲಿಂದ ನೋಡಿದವನಿಗೆ ಹಳದಿಯು ಎಲ್ಲಿದೆ, ಹಸುರು ಎಲ್ಲಿದೆ ಎಂಬುದೆಲ್ಲ ಕಾಣುವದು. ಆದಕಾರಣ ಎಲ್ಲ ಎಲೆಗಳ ಮುಖದಲ್ಲಿಯೂ ಜೋಳದ ಕಾಳಿನಷ್ಟು ಅಗಲದ ಅಂಚನ್ನು ಬಿಟ್ಟು, ಅದಕ್ಕೂ ಎಲೆಯ ದಂಡೆಗೂ ಬೆನ್ನಿನ ಕಾವಿಯನ್ನೇ ಬಳಿಯಬೇಕು.

ರಾಜರು ಹತ್ತು, ಪ್ರಧಾನರು ಹತ್ತು. ಇವು ಮಾತ್ರ ಕುಂಚದ ಕೆಲಸ. ರಾಜನೆಂದರೆ ಮಂಟಪದಲ್ಲಿ ಕುಳಿತ ಆಯಾ ಅವತಾರ. ಪ್ರಧಾನನನ್ನು ಸಾಮಾನ್ಯವಾಗಿ ಕುದುರೆಯ ಮೇಲೆ ಕೂಡಿಸುವರು. ಮನೆಯಲ್ಲಿ ಚಿತ್ರ ಬಲ್ಲವರು ಯಾರೂ ಇಲ್ಲದಿದ್ದರೆ ಮಂಟಪವೊಂದನ್ನು ಬರೆದು ಅದರೊಳಗೆ ಚಿಹ್ನೆಯ ಅಚ್ಚನ್ನೇ ಒತ್ತಿದರೂ ನಡೆಯುವದು. ಚಿತ್ರವು ಒಣಗಿದ ಮೇಲೆ, ಬಡಿಗರು ಕಟ್ಟಿಗೆಗೆ ಹಚ್ಚುವ ಅರಗಿನ ಪಾಲಿಶನ್ನು ಎರಡೂ ಮಗ್ಗುಲಿಗೆ ತೆಳುವಾಗಿ ಬಳಿಯಬೇಕು. ಮೊದಲು ಒಂದು ಕೆಟ್ಟ ಎಲೆಗೆ ಹಚ್ಚಿ ಬಣ್ಣ ಕದಡುವದಿಲ್ಲವೆಂದು ನೋಡಬೇಕು. ಪಾಲಿಶಿನಲ್ಲಿರುವ ಸ್ಪಿರಿಟಿಗೆ ಬೆಂಕಿ ಥಟ್ಟನೆ ಹತ್ತುವದು, ಒಲೆಯಿಂದಲೂ ದೇವರ ದೀಪದಿಂದಲೂ ದೂರ ಕುಳಿತು ಮಾಡಬೇಕು.

ಈಗ ಪರೀಕ್ಷೆ. ನೆಲಕ್ಕೆ ಬಿಳಿಯ ಚಾದರವನ್ನು ಹಾಸಿ, ಹಗಲು ಬೆಳಕಿನಲ್ಲಿ ಎಲ್ಲ ಎಲೆಗಳನ್ನೂ ಬೆನ್ನು ಮೇಲಾಗಿ ಹರವಿ, ಮನೆಯೊಳಗಿನ ಅತ್ಯಂತ ಚೂಟಿಯಾದ ಮಗುವನ್ನು ಕರೆದು, “ಮತ್ತೆ ಗುರುತಿಸಬಲ್ಲೆಯೆಂದು ನಿನಗೆನಿಸಿದ ಎಲೆಗಳನ್ನು ಆರಿಸು” ಎಂದು ಹೇಳಬೇಕು. ಹಿರಿಯರ ಕಣ್ಣಿಗೆ ಬೀಳದ ಗೀರನ್ನು ಮಕ್ಕಳು ಬಿಡುವದಿಲ್ಲ. ಮೂವತ್ತು ವರುಷ ತರಗತಿಯಲ್ಲಿ ನಿಂತವನಿಗೆ ಇದರಲ್ಲಿ ಸಂಶಯವಿಲ್ಲ. ಆರಿಸಿದ ಎಲೆಗಳ ಚಿತ್ರವು ಎಷ್ಟೇ ಸೊಗಸಾಗಿರಲಿ, ತೆಗೆದುಹಾಕಿ ಬೇರೆ ಮಾಡಬೇಕು. ರಾಮನ ರಾಜನೇ ಆಗಿದ್ದರೂ ಬಿಡತಕ್ಕದ್ದಲ್ಲ. ಅಕ್ಕರೆಯಿಂದ ಬರೆದ ಹುಡುಗಿಗೆ ಅಳು ಬರಬಹುದು. ಆದರೂ ಹೀಗೆ ಮಾಡಿದ ಕಟ್ಟಿನಲ್ಲಿ ನಾರದಸ್ಮೃತಿಯ ಜಿಹ್ಮಕ್ಕೆ ಇಂಬಿಲ್ಲವೆಂದು ಅತ್ತೆಯವರಿಗೆ ತೋರಿಸಬಹುದು. ಅವರನ್ನೇ ಪರೀಕ್ಷಕರನ್ನಾಗಿ ಕೂಡಿಸಿದರೆ ಇನ್ನೂ ಒಳ್ಳೆಯದು.

ಆಟದ ಕ್ರಮವನ್ನು ಸಂಕ್ಷೇಪವಾಗಿ ಹೇಳುವೆನು. ಮೂವರು ಕೂಡಬೇಕು, ಎಲೆಗಳನ್ನೆಲ್ಲ ಹಂಚಿಬಿಡಬೇಕು. ಹಗಲಾದರೆ ರಾಮನ ರಾಜನಿರುವವನು, ರಾತ್ರಿಯಾದರೆ ಕೃಷ್ಣನ ರಾಜನಿರುವವನು ಮೊದಲು ಇಳಿಯುವನು. ಇಳಿದ ವರ್ಗದಲ್ಲಿ ಹಿರಿಯ ಎಲೆ ಹಾಕಿದವನು ಆ ಪಟ್ಟನ್ನು ಎತ್ತುವನು, ಮುಂದೆ ತಾನು ಇಳಿಯುವನು. ಹೆಚ್ಚು ಪಟ್ಟು ಎತ್ತಿದವನು ಗೆದ್ದಂತೆ. ಒಂದು ವರ್ಗವು ಉಳಿದವುಗಳನ್ನೆಲ್ಲ ಕೊಯ್ಯುವ ತುರುಫು ಇಲ್ಲಿಲ್ಲ. ಎಲ್ಲ ವರ್ಗಗಳಲ್ಲಿಯೂ ರಾಜನು ಮೊದಲು, ಪ್ರಧಾನನು ಅನಂತರ. ಐದು ವರ್ಗಗಳಲ್ಲಿ ಹತ್ತು ಹಿರಿದು, ಒಂದು ಕಿರಿದು. ಉಳಿದ ಐದರಲ್ಲಿ ಒಂದೇ ಹಿರಿದು, ಹತ್ತು ಎಲ್ಲಕ್ಕೂ ಕಿರಿದು. ಯಾವ ಐದಕ್ಕೆ ಯಾವ ಕ್ರಮವೆಂಬುದನ್ನು ಮೊದಲೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಜಗಳವಿಲ್ಲ. ಹೋದ ಎಲೆಗಳು ಯಾವವು, ಉಳಿದವು ಯಾವವೆಂದು ನೆನಪಿಡುವವನೇ ಇದರಲ್ಲಿ ಗೆಲ್ಲುವನು. ಕೈಗೆ ಬಂದ ಎಲೆಗಳಲ್ಲಿ ದೈವದ ಪಾಲಿರುವದು ನಿಜ, ಆದರೆ ನಲವತ್ತು ಎಲೆಗಳ ಆಟದಲ್ಲಿ ಜ್ಞಾಪಕದ ಪಾಲು ಅದಕ್ಕಿಂತ ದೊಡ್ಡದು.

ಕಡೆಗೆ, ಮಿಕ್ಕ ಎಲೆಗಳ ಮಾತು. ಕಟ್ಟಿನಲ್ಲಿ ಎಂದಾದರೊಂದು ದಿನ ಒಂದು ಎಲೆ ಕಳೆಯುವದು ನಿಶ್ಚಯ. ಮಂಚದ ಕೆಳಗೆ ಹೋಗುವದು, ಕೂಸು ಕಡಿಯುವದು, ಮೇಲೆ ಚಹ ಚೆಲ್ಲುವದು. ಆಗ ಹೊಸದಾಗಿ ರಟ್ಟು ಮಾಡಿ ಎಲೆ ಬರೆದರೆ ಅದರ ಬೆನ್ನು ಹೊಳೆಯುತ್ತಿರುವದು, ಉಳಿದವು ಮಾಸಿರುವವು. ಕಣ್ಣಿದ್ದವರಿಗೆಲ್ಲ ಅದು ದೂರದಿಂದಲೇ ಗೊತ್ತಾಗುವದು. ಆದುದರಿಂದ ೧೭೬ರಲ್ಲಿ ಮಿಕ್ಕ ಎಲೆಗಳಿಂದ ಬೆನ್ನು ಸರಿಯಾಗಿ ಹೊಂದುವ ಎಂಟನ್ನು ಆರಿಸಿ, ಮುಖವನ್ನು ಬರೆಯದೆ ಬರಿದಾಗಿಯೇ ಇಟ್ಟು, ಬೆನ್ನಿಗೆ ಮಾತ್ರ ಪಾಲಿಶ್ ಹಚ್ಚಬೇಕು. ಅವನ್ನು ಕಪಾಟಿನಲ್ಲಿ ಜೋಪಾನವಾಗಿ ಬೇರೆ ಇಡಬಾರದು, ಕಟ್ಟಿನ ಡಬ್ಬಿಯಲ್ಲಿಯೇ ಇಡಬೇಕು. ಆಟಕ್ಕೆ ಮೊದಲು ಎಲೆಗಳನ್ನು ಕಲಸುವಾಗ ಇವನ್ನೂ ಕೂಡಿಸಿ ಕಲಸಿ, ಹಂಚುವ ಮುಂಚೆ ಆರಿಸಿ ತೆಗೆದಿಡಬೇಕು. ಹೀಗೆ ಅವೂ ಉಳಿದವುಗಳ ಜೊತೆಗೆ ಮಾಸುತ್ತ ಬರುವವು. ವರುಷದ ಮೇಲೆ ಕೂರ್ಮದ ಏಳು ಕಳೆದರೆ ಅವುಗಳಲ್ಲೊಂದರ ಮುಖಕ್ಕೆ ಏಳು ಆಮೆಗಳನ್ನು ಒತ್ತಿದರಾಯಿತು. ಅಚ್ಚುಗಳನ್ನೂ ಅದೇ ಡಬ್ಬಿಯಲ್ಲಿ, ಇರುವೆ ಬಾರದಂತೆ ಎರಡು ಕರ್ಪೂರದ ಬಿಲ್ಲೆಗಳೊಡನೆ ಇಡಬೇಕು.